ಜಿಯೋಫೆನ್ಸ್ ಅಲರ್ಟ್ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ: ಎಲ್ಲೆಲ್ಲಿ ಸೋರುತ್ತಿದೆ?

#1 ಬೇಲಿಸಾಲು

ಜಾಗ ತಲುಪಿದಾಗ ನೆನಪಿಸುವ ರಿಮೈಂಡರ್ ಆ್ಯಪ್. ಪ್ರತಿ ಜಾಗದ ಸುತ್ತ ನಕ್ಷೆಯಲ್ಲಿ ವೃತ್ತಾಕಾರದ ಒಂದು ಬೇಲಿ, ಅದೇ ಜಿಯೋಫೆನ್ಸ್. ಆ್ಯಂಡ್ರಾಯ್ಡ್‌ನಲ್ಲಿ ಪ್ಲೇ ಸರ್ವೀಸಸ್‌ನ ಜಿಯೋಫೆನ್ಸಿಂಗ್‌ಕ್ಲೈಂಟ್, ಐಫೋನ್‌ನಲ್ಲಿ ಕೋರ್ ಲೊಕೇಶನ್‌ನ ರೀಜನ್ ಮಾನಿಟರಿಂಗ್. ಒಬ್ಬ ಬಳಕೆದಾರರಿಗೆ 30ರಿಂದ 60 ಜಾಗ, ಪ್ರತಿಯೊಂದಕ್ಕೂ 50 ಮೀಟರ್ ತ್ರಿಜ್ಯ.

ಆ್ಯಪ್ ತೆರೆದಿದ್ದರೆ ಅಲರ್ಟ್ ಸರಿಯಾಗಿ ಬರುತ್ತೆ. ಫೋನ್ ಜೇಬಿಗೆ ಹೋದರೆ ತಡ, ಇಲ್ಲವೇ ಬರೋದೇ ಇಲ್ಲ. ಆ್ಯಂಡ್ರಾಯ್ಡ್ 12 ಮತ್ತು ಮೇಲಿನದರಲ್ಲಿ ರಿಸೀವರ್ (ಬೇಲಿ ದಾಟಿದಾಗ ಸಿಸ್ಟಮ್ ಎಬ್ಬಿಸುವ ಕೋಡ್) ಓಡುತ್ತೆ, ಆದರೆ ಒಳಗೆ ಈವೆಂಟ್ ಖಾಲಿ. ಐಫೋನ್‌ನಲ್ಲಿ ಕೆಲವು ಜಾಗಗಳಿಗೆ ಒಂದು ಸಲವೂ ಬಂದಿಲ್ಲ. ರಾತ್ರಿ ಫೋನ್ ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೂ "ಹೊರಟಿರಿ, ಬಂದಿರಿ, ಹೊರಟಿರಿ" ಅಂತ ಮೂರು ನೋಟಿಫಿಕೇಶನ್. ಫೋನ್ ರೀಸ್ಟಾರ್ಟ್ ಆದಮೇಲೆ ಎಲ್ಲ ನಿಶ್ಶಬ್ದ.

ಫೋರ್‌ಗ್ರೌಂಡ್ ಸರ್ವೀಸ್ (ನೋಟಿಫಿಕೇಶನ್ ತೋರಿಸುತ್ತಾ ಸದಾ ಓಡುವ ಕೆಲಸ) ಹಾಕಿ 30 ಸೆಕೆಂಡಿಗೊಮ್ಮೆ ಜಿಪಿಎಸ್ ಓದಿ ದೂರ ಲೆಕ್ಕ ಹಾಕಿದರೆ ಇದೆಲ್ಲ ಮುಗಿಯುತ್ತಾ?

#2 ಸಿಗ್ನಲ್‌ಗುಬ್ಬಿ

ಮುಗಿಯುತ್ತೆ, ಬ್ಯಾಟರಿಯೂ ಮುಗಿಯುತ್ತೆ. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೆ ಆಮೇಲೆ ಬರೋಣ.

ಮೊದಲು 50 ಮೀಟರ್ ಬಿಡಿ. ಜಿಯೋಫೆನ್ಸ್ ಅಂದರೆ ಜಿಪಿಎಸ್ ಸದಾ ಉರಿಯುತ್ತಿರುತ್ತೆ ಅಂದುಕೊಳ್ಳೋದೇ ಮೂಲ ತಪ್ಪು. ಸಿಸ್ಟಮ್ ಮೊಬೈಲ್ ಟವರ್, ಸುತ್ತಲಿನ ವೈಫೈ, ಚಲನೆಯ ಸೆನ್ಸರ್ ಇವನ್ನೆಲ್ಲ ನೋಡಿ, ಅಗತ್ಯ ಬಿದ್ದಾಗ ಮಾತ್ರ ಹೆಚ್ಚು ನಿಖರವಾದ ಸ್ಥಾನ ಹುಡುಕುತ್ತೆ. ವೈಫೈ ಇರುವ ಕಡೆ ಸಾಮಾನ್ಯವಾಗಿ 20ರಿಂದ 50 ಮೀಟರ್ ನಿಖರತೆ. ಅಂದರೆ ತಪ್ಪುವ ದೂರವೇ ನಿಮ್ಮ ಇಡೀ ವೃತ್ತದಷ್ಟಾಯಿತು. ವೈಫೈ ಇಲ್ಲದ ಬಯಲಲ್ಲಿ ಇದು ನೂರಾರು ಮೀಟರ್, ಕೆಲವೊಮ್ಮೆ ಕಿಲೋಮೀಟರ್‌ಗಟ್ಟಲೆ. ಗೂಗಲ್ ದಾಖಲೆ ಕನಿಷ್ಠ 100ರಿಂದ 150 ಮೀಟರ್ ಇಡಿ ಅನ್ನುತ್ತೆ. 150ರಿಂದ ಶುರು ಮಾಡಿ, ಊರಾಚೆಯ ಜಾಗಕ್ಕೆ ಇನ್ನೂ ದೊಡ್ಡದು.

ಎರಡನೆಯದು ತಡ. ಆ್ಯಂಡ್ರಾಯ್ಡ್ 8ರಿಂದ ಈಚೆಗೆ ಹಿನ್ನೆಲೆಯಲ್ಲಿ ಸರಾಸರಿ 2ರಿಂದ 3 ನಿಮಿಷ, ಫೋನ್ ಬಹಳ ಹೊತ್ತು ಕದಲದೆ ಇದ್ದರೆ 6 ನಿಮಿಷದವರೆಗೂ ಆಗಬಹುದು. ಇದು ದೋಷವಲ್ಲ, ವಿನ್ಯಾಸವೇ ಹಾಗಿದೆ. ತಕ್ಷಣ ಬರಬೇಕಾದ ಅಲರ್ಟ್ ಆದರೆ ವೃತ್ತ ದೊಡ್ಡದು ಮಾಡಿ, ಮೂರು ನಿಮಿಷ ಮೊದಲೇ ದಾಟುವ ಹಾಗೆ.

ಬಳಕೆದಾರರು ವೈಫೈ ಸ್ಕ್ಯಾನಿಂಗನ್ನೂ ಸೇರಿಸಿ ಎಲ್ಲ ಆಫ್ ಮಾಡಿದ್ದರೆ ನಿಖರತೆ ಕುಸಿಯುತ್ತೆ. ಸೆಟ್ಟಿಂಗ್ಸ್ ಪುಟದಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ.

#3 ಕೋಡುಕೊಟ್ಟಿಗೆ

ಆ್ಯಂಡ್ರಾಯ್ಡ್ 12ರ ಖಾಲಿ ಈವೆಂಟ್‌ಗೆ ಕಾರಣ ಬಹುತೇಕ ಒಂದೇ: ಪೆಂಡಿಂಗ್‌ಇಂಟೆಂಟ್‌ಗೆ (ಆಮೇಲೆ ನಿಮ್ಮ ಪರವಾಗಿ ಕಳಿಸಲು ಸಿಸ್ಟಮ್‌ಗೆ ಕೊಟ್ಟಿಡುವ ಸಂದೇಶ) ಫ್ಲ್ಯಾಗ್_ಇಮ್ಮ್ಯೂಟಬಲ್, ಅಂದರೆ ಬದಲಿಸಲಾಗದು ಅಂತ, ಹಾಕಿರುತ್ತೀರಿ. 12ನ್ನು ಗುರಿಯಾಗಿಟ್ಟು ಬಿಲ್ಡ್ ಮಾಡಿದಾಗ ಮ್ಯೂಟಬಲ್ಲೋ ಇಮ್ಮ್ಯೂಟಬಲ್ಲೋ ಹೇಳಲೇಬೇಕು ಅಂತ ಆಯಿತು. ಕೋಡ್ ತಪಾಸಣೆ ಮಾಡುವ ಲಿಂಟ್ ಇಮ್ಮ್ಯೂಟಬಲ್ ಅನ್ನುತ್ತೆ, ಎಲ್ಲರೂ ಕಣ್ಣು ಮುಚ್ಚಿ ಅದನ್ನೇ ಹಾಕುತ್ತಾರೆ. ಆದರೆ ಯಾವ ಬೇಲಿ, ಒಳಗೋ ಹೊರಗೋ, ಎಲ್ಲಿ ಅನ್ನೋದನ್ನೆಲ್ಲ ಪ್ಲೇ ಸರ್ವೀಸಸ್ ಆ ಇಂಟೆಂಟ್‌ಗೇ ತುಂಬಿ ಕಳಿಸಬೇಕು. ಬಾಗಿಲು ಮುಚ್ಚಿದ್ದರೆ ತುಂಬೋದೆಲ್ಲಿ? ಫ್ಲ್ಯಾಗ್_ಮ್ಯೂಟಬಲ್ ಮತ್ತು ಫ್ಲ್ಯಾಗ್_ಅಪ್‌ಡೇಟ್_ಕರೆಂಟ್ ಎರಡನ್ನೂ ಹಾಕಿ. ಇಂಟೆಂಟ್ ಎಕ್ಸ್‌ಪ್ಲಿಸಿಟ್ ಆಗಿರಲಿ, ರಿಸೀವರ್ ಕ್ಲಾಸಿನ ಹೆಸರು ನೇರವಾಗಿ ಬರೆದು. ಆ್ಯಂಡ್ರಾಯ್ಡ್ 14ನ್ನು ಗುರಿಯಾಗಿಸಿದ ಆ್ಯಪ್‌ನಲ್ಲಿ ಇಂಪ್ಲಿಸಿಟ್ ಇಂಟೆಂಟ್‌ಗೆ ಮ್ಯೂಟಬಲ್ ಹಾಕಿದರೆ ಎಕ್ಸೆಪ್ಶನ್ ಬರುತ್ತೆ.

ರಿಸೀವರ್ ಮ್ಯಾನಿಫೆಸ್ಟ್‌ನಲ್ಲಿ ಇರಬೇಕು. ಕೋಡ್‌ನಲ್ಲಿ ರಿಜಿಸ್ಟರ್ ಮಾಡಿದ್ದು ಪ್ರಾಸೆಸ್ ಸತ್ತ ಕೂಡಲೇ ಸಾಯುತ್ತೆ. "ಆ್ಯಪ್ ತೆರೆದಿದ್ದರೆ ಮಾತ್ರ ಬರುತ್ತೆ" ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು, ನೋಡಿಕೊಳ್ಳಿ.

ಪ್ರತಿ ಬೇಲಿಗೂ ಬೇರೆ ಪೆಂಡಿಂಗ್‌ಇಂಟೆಂಟ್ ಮಾಡಬೇಡಿ. 5 ದಾಟಿದರೆ ಎರರ್ 1002. ಎಲ್ಲದಕ್ಕೂ ಒಂದೇ ಸಾಕು, ಯಾವ ಬೇಲಿ ಅಂತ ಈವೆಂಟ್‌ನ ರಿಕ್ವೆಸ್ಟ್ ಐಡಿ ಹೇಳುತ್ತೆ.

ರೀಸ್ಟಾರ್ಟ್ ಆದಮೇಲೆ ಬೇಲಿಗಳು ಉಳಿಯಲ್ಲ, ಬೂಟ್_ಕಂಪ್ಲೀಟೆಡ್ ಹಿಡಿದು ಮತ್ತೆ ಸೇರಿಸಬೇಕು. ಇದು ಫೋನ್ ಅನ್‌ಲಾಕ್ ಆದಮೇಲೆ ಬರುತ್ತೆ. ಹಾಗಾಗಿ ರೀಸ್ಟಾರ್ಟ್ ಆಗಿ ಪಿನ್ ಹಾಕದೆ ಜೇಬಲ್ಲಿಟ್ಟ ಫೋನ್ ಮೌನವಾಗೇ ಇರುತ್ತೆ. ಇದಲ್ಲದೆ ಆ್ಯಪ್ ಡೇಟಾ ಅಳಿಸಿದಾಗ, ಪ್ಲೇ ಸರ್ವೀಸಸ್ ಡೇಟಾ ಅಳಿಸಿದಾಗ, ಎರರ್ 1000 ಬಂದಾಗಲೂ ಬೇಲಿಗಳು ಹೋದ ಹಾಗೇ. 1000 ಬರೋದು ಸಾಮಾನ್ಯವಾಗಿ ಬಳಕೆದಾರರು ಲೊಕೇಶನ್ ಆಫ್ ಮಾಡಿದಾಗ. ಮತ್ತೆ ಆನ್ ಮಾಡಿದರೆ ಬೇಲಿ ತಾನಾಗಿ ಎದ್ದು ನಿಲ್ಲಲ್ಲ. ಬಹಳ ಜನ ಎಡವೋದು ಇಲ್ಲೇ, ಯಾಕಂದರೆ ಆ ಈವೆಂಟ್‌ನಲ್ಲಿ ಹ್ಯಾಸ್‌ಎರರ್ ನೋಡಿ ಸುಮ್ಮನೆ ರಿಟರ್ನ್ ಮಾಡಿಬಿಟ್ಟಿರುತ್ತಾರೆ.

ಇದಕ್ಕೆಲ್ಲ ಒಂದೇ ಮದ್ದು: ಬೇಲಿಗಳ ಪಟ್ಟಿಗೆ ನಿಮ್ಮ ಡೇಟಾಬೇಸೇ ಆಧಾರ, ಸಿಸ್ಟಮ್‌ನಲ್ಲಿರೋದು ಅದರ ನಕಲು. "ಮತ್ತೆ ಹೊಂದಿಸು" ಅನ್ನೋ ಒಂದೇ ಫಂಕ್ಷನ್ ಬರೆದು ಬೂಟ್ ಆದಾಗ, ಆ್ಯಪ್ ತೆರೆದಾಗ, ಎರರ್ ಬಂದಾಗ ಅದನ್ನೇ ಕರೆಯಿರಿ.

#4 ಸೇಬಿನಬೀಜ

ಐಫೋನ್ ಭಾಗ. ಒಂದು ಆ್ಯಪ್‌ಗೆ 20 ರೀಜನ್, ಅಷ್ಟೇ. ಆ್ಯಂಡ್ರಾಯ್ಡ್‌ನ ಹಾಗೆ 100 ಇಲ್ಲ. ಹೆಚ್ಚು ಹಾಕಿದರೆ ಆ್ಯಪ್ ಕ್ರ್ಯಾಶ್ ಆಗಲ್ಲ, ಮಾನಿಟರಿಂಗ್‌ಡಿಡ್‌ಫೇಲ್‌ಫಾರ್ ಅನ್ನೋ ಡೆಲಿಗೇಟ್‌ಗೆ ಬರುತ್ತೆ. ಅದನ್ನು ನೀವು ಬರೆದೇ ಇರಲ್ಲ, ಹಾಗಾಗಿ ಕೆಲವು ಜಾಗಗಳಿಗೆ ಮಾತ್ರ ಗ್ರಹಣ ಹಿಡಿದ ಹಾಗೆ ಕಾಣುತ್ತೆ. ಐಓಎಸ್ 17ರ ಸಿಎಲ್‌ಮಾನಿಟರ್‌ಗೆ ಹೋದರೂ ಮಿತಿ 20ರದ್ದೇ.

ಆ್ಯಪಲ್‌ನ ನಿಯಮ ಇನ್ನೊಂದಿದೆ: ಗಡಿ ದಾಟಬೇಕು, ಗಡಿಯಿಂದ ಸಿಸ್ಟಮ್ ತಾನೇ ಇಟ್ಟುಕೊಂಡ ಒಂದಷ್ಟು ಅಂತರ ಆಚೆ ಹೋಗಬೇಕು, ಅಲ್ಲಿ ಕನಿಷ್ಠ 20 ಸೆಕೆಂಡ್ ಇರಬೇಕು. ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. 100 ಮೀಟರ್ ತ್ರಿಜ್ಯದ ವೃತ್ತವನ್ನು ನಟ್ಟನಡುವೆ ಸೀಳಿಕೊಂಡು ಹೋದರೂ 12 ಸೆಕೆಂಡಲ್ಲಿ ಆಚೆ. 200 ಮೀಟರ್ ಮಾಡಿದರೆ 24 ಸೆಕೆಂಡ್. ಆದರೆ ರಸ್ತೆ ಕೇಂದ್ರದ ಮೇಲೇ ಹೋಗಲ್ಲವಲ್ಲ. ಕೇಂದ್ರದಿಂದ 160 ಮೀಟರ್ ದೂರದಲ್ಲಿ ರಸ್ತೆ ಇದ್ದರೆ ವೃತ್ತದೊಳಗಿನ ಹಾದಿ ಬರೀ 240 ಮೀಟರ್, 14 ಸೆಕೆಂಡ್. ವಾಹನದಲ್ಲಿ ಹಾದುಹೋಗುವವರಿಗೆ ತೋರಿಸಬೇಕಾದ ಅಲರ್ಟ್ ಆದರೆ 400 ಮೀಟರ್‌ಗಿಂತ ಕಡಿಮೆ ಇಟ್ಟು ಪ್ರಯೋಜನವಿಲ್ಲ.

ಪರ್ಮಿಶನ್ "ಆಲ್ವೇಸ್" ಬೇಕು, ಜೊತೆಗೆ ಐಓಎಸ್ 14ರಿಂದ "ಪ್ರಿಸೈಸ್ ಲೊಕೇಶನ್" ಆನ್ ಇರಬೇಕು. ಅಕ್ಯುರಸಿ‌ಆಥರೈಸೇಶನ್ ರೆಡ್ಯೂಸ್ಡ್ ಇದ್ದರೆ ರೀಜನ್ ಮಾನಿಟರಿಂಗ್ ನಡೆಯಲ್ಲ. ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ಆಫ್ ಆಗಿದೆಯಾ ಅಂತಲೂ ನೋಡಿ.

ಬೇಲಿ ಹಾಕುವಾಗ ಬಳಕೆದಾರರು ಆಗಲೇ ಒಳಗಿದ್ದರೆ ಎಂಟರ್ ಈವೆಂಟ್ ಬರಲ್ಲ. ರಿಕ್ವೆಸ್ಟ್‌ಸ್ಟೇಟ್ ಕರೆಯಿರಿ, ಆದರೆ ಸ್ಟಾರ್ಟ್‌ಮಾನಿಟರಿಂಗ್‌ನ ಮುಂದಿನ ಸಾಲಲ್ಲೇ ಅಲ್ಲ. ಡಿಡ್‌ಸ್ಟಾರ್ಟ್‌ಮಾನಿಟರಿಂಗ್‌ಫಾರ್ ಬಂದಮೇಲೆ.

ಎಲ್ಲೂ ಸಿಗದ ಇನ್ನೊಂದು ತಪ್ಪು: ಡೇಟಾಬೇಸ್ ಫೈಲ್‌ಗೆ "ಕಂಪ್ಲೀಟ್" ಪ್ರೊಟೆಕ್ಷನ್ ಹಾಕಿದ್ದರೆ ಫೋನ್ ಲಾಕ್ ಆಗಿರುವಾಗ ಓದಲು ಬರಲ್ಲ. ಸಿಸ್ಟಮ್ ನಿಮ್ಮ ಆ್ಯಪನ್ನು ಎಬ್ಬಿಸುತ್ತೆ, ಆ್ಯಪ್ ಪಟ್ಟಿ ತೆರೆಯೋಕೆ ಹೋಗುತ್ತೆ, ಸಿಗಲ್ಲ, ಸುಮ್ಮನೆ ಮಲಗುತ್ತೆ. "ಮೊದಲ ಅನ್‌ಲಾಕ್‌ವರೆಗೆ" ಅನ್ನೋ ದರ್ಜೆಗೆ ಇಳಿಸಿ.

#5 ಬೇಲಿಸಾಲು

ಮ್ಯೂಟಬಲ್ ಮಾಡಿದ ಮೇಲೆ ಖಾಲಿ ಈವೆಂಟ್ ನಿಂತಿತು. 60 ಜಾಗದಲ್ಲಿ 20 ಆರಿಸೋದು ಹೇಗೆ? ಹತ್ತಿರದ 20 ತೆಗೆದುಕೊಂಡರೆ ಆಯಿತಾ?

#6 ನಕ್ಷೆತಜ್ಞ

20 ಅಲ್ಲ, 19. ಇಪ್ಪತ್ತನೆಯದು ಬಳಕೆದಾರರ ಸುತ್ತಲೇ ಹಾಕುವ ದೊಡ್ಡ ವೃತ್ತ. ಅದರಿಂದ ಹೊರಗೆ ಹೋದರೆ ಪಟ್ಟಿಯನ್ನು ಹೊಸದಾಗಿ ಆರಿಸಬೇಕು ಅಂತ ಅರ್ಥ.

"ಹತ್ತಿರ" ಅಂದರೆ ಕೇಂದ್ರಕ್ಕಿರುವ ದೂರವಲ್ಲ, ಅಂಚಿಗಿರುವ ದೂರ: ಕೇಂದ್ರದ ದೂರದಿಂದ ತ್ರಿಜ್ಯ ಕಳೆಯಿರಿ. 2,000 ಮೀಟರ್ ದೂರದಲ್ಲಿ 1,000 ಮೀಟರ್ ತ್ರಿಜ್ಯದ ಬೇಲಿಯ ಅಂಚು 1,000 ಮೀಟರ್‌ನಲ್ಲಿದೆ. 1,500 ಮೀಟರ್ ದೂರದಲ್ಲಿ 150ರ ಬೇಲಿಯ ಅಂಚು 1,350ರಲ್ಲಿ. ಕೇಂದ್ರ ನೋಡಿ ಆರಿಸಿದರೆ ಮೊದಲು ತಾಗುವ ಬೇಲಿಯೇ ಪಟ್ಟಿಯಿಂದ ಹೊರಗೆ ಬೀಳಬಹುದು.

ದೊಡ್ಡ ವೃತ್ತ ಎಷ್ಟು ದೊಡ್ಡದು? ಪಟ್ಟಿಯಲ್ಲಿ ಜಾಗ ಸಿಗದ ಮೊದಲ ಬೇಲಿಯ ಅಂಚು 3,400 ಮೀಟರ್‌ನಲ್ಲಿದೆ ಅನ್ನಿ. ಹೊರಗೆ ಹೋದ ಸುದ್ದಿ 3 ನಿಮಿಷ ತಡವಾಗಿ ಬರುತ್ತೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ 3,000 ಮೀಟರ್ ಸಾಗಿರುತ್ತಾರೆ. ಉಳಿದದ್ದು 400 ಮೀಟರ್, ಅದೇ ತ್ರಿಜ್ಯ. ಈ ಕಳೆಯುವ ಲೆಕ್ಕ ಮಾಡದೆ 3,400 ಇಟ್ಟವರ ಆ್ಯಪ್ ಕಾಲ್ನಡಿಗೆಯಲ್ಲಿ ಚೆನ್ನಾಗಿರುತ್ತೆ, ವಾಹನ ಹತ್ತಿದರೆ ಕೈಕೊಡುತ್ತೆ.

ಜಾಗಗಳು ಒತ್ತೊತ್ತಾಗಿದ್ದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಆಗ 200 ಮೀಟರ್‌ಗೆ ನಿಲ್ಲಿಸಿ, ಅಕ್ಕಪಕ್ಕದ ಜಾಗಗಳನ್ನು ಗುಂಪು ಮಾಡಿ ಒಂದೇ ಬೇಲಿಯೊಳಗೆ ತನ್ನಿ. ಗುಂಪಿನ ಬೇಲಿ ತಾಗಿದಮೇಲೆ ಒಳಗಿನ ಯಾವ ಜಾಗ ಅಂತ ನಿಮ್ಮ ಕೋಡ್ ನೋಡಲಿ. ಜೊತೆಗೆ ಸಿಗ್ನಿಫಿಕೆಂಟ್ ಲೊಕೇಶನ್ ಚೇಂಜ್ ಕೂಡ ಆನ್ ಇಡಿ. ಅದು ಸುಮಾರು 500 ಮೀಟರ್ ಸರಿದಾಗ, 5 ನಿಮಿಷಕ್ಕೊಮ್ಮೆಗಿಂತ ಹೆಚ್ಚಲ್ಲದಂತೆ ಎಬ್ಬಿಸುತ್ತೆ. ಪಟ್ಟಿ ಹೊಸದು ಮಾಡಲು ಅದೂ ಒಂದು ನೆಪ.

ಹೊಸ ಪಟ್ಟಿ ಬಂದಾಗ ಎಲ್ಲ ಕಿತ್ತು ಎಲ್ಲ ನೆಡಬೇಡಿ. ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ, ಬದಲಾದದ್ದನ್ನು ಮಾತ್ರ ಮುಟ್ಟಿ. ಆ್ಯಂಡ್ರಾಯ್ಡ್‌ನಲ್ಲಿ ಇನಿಷಿಯಲ್ ಟ್ರಿಗರ್ ಎಂಟರ್ ಇಟ್ಟು ಅದೇ ಬೇಲಿ ಮತ್ತೆ ಸೇರಿಸಿದರೆ, ಒಳಗೇ ಕೂತಿರುವವರಿಗೆ "ಬಂದಿರಿ" ಅಂತ ಮತ್ತೊಮ್ಮೆ ಬರುತ್ತೆ. ಬೂಟ್ ಆದಮೇಲೆ ಮತ್ತೆ ಸೇರಿಸುವಾಗಲೂ ಇದೇ ಕಥೆ, ಅಲ್ಲಿ ಇನಿಷಿಯಲ್ ಟ್ರಿಗರ್ ಸೊನ್ನೆ ಕೊಡಬಹುದು.

#7 ತಗಾದೆ

ರಾತ್ರಿ ಬರುವ "ಹೊರಟಿರಿ-ಬಂದಿರಿ"ಗೆ ಯಾರೂ ಉತ್ತರ ಕೊಡಲಿಲ್ಲ. ಎಂಟರ್ ಬಿಟ್ಟು ಡ್ವೆಲ್ (ಒಳಗೆ ಬಂದು ಇಷ್ಟು ಹೊತ್ತು ಇದ್ದಮೇಲೆ ಬರುವ ಈವೆಂಟ್) ಬಳಸಿ, ಮುಗಿಯಿತು. ಸೆಟ್‌ಲಾಯ್ಟರಿಂಗ್‌ಡಿಲೇಗೆ 5 ನಿಮಿಷ. ಅದು ಮಿಲಿಸೆಕೆಂಡ್, ಅಂದರೆ 3,00,000. ಬರೀ 5 ಅಂತ ಬರೆದು ಡ್ವೆಲ್ ಕೆಲಸ ಮಾಡಲ್ಲ ಅಂತ ದೂರುವವರಿಗೆ ಲೆಕ್ಕವಿಲ್ಲ.

#8 ಸಿಗ್ನಲ್‌ಗುಬ್ಬಿ

ಅರ್ಧ ಒಪ್ಪಿದೆ. ಡ್ವೆಲ್‌ನಿಂದ "ಬಂದಿರಿ" ಅನ್ನೋ ಸುಳ್ಳು ಕಡಿಮೆಯಾಗುತ್ತೆ, "ಹೊರಟಿರಿ" ಅನ್ನೋ ಸುಳ್ಳು ಹಾಗೇ ಉಳಿಯುತ್ತೆ. ರಾತ್ರಿ ಫೋನ್ ಕದಲದಿದ್ದರೂ ವೈಫೈ ಕಳೆದುಹೋಗಿ ಟವರ್ ಆಧಾರದ ಸ್ಥಾನ ಬಂದರೆ ಚುಕ್ಕಿ ಒಂದು ಕಿಲೋಮೀಟರ್ ಹಾರುತ್ತೆ. ಅದಕ್ಕೆ ಎರಡು ವೃತ್ತ ಬೇಕು: ಒಂದೇ ಕೇಂದ್ರಕ್ಕೆ 150 ಮೀಟರ್‌ನದು ಎಂಟರ್‌ಗೆ ಮಾತ್ರ, 250 ಮೀಟರ್‌ನದು ಎಕ್ಸಿಟ್‌ಗೆ ಮಾತ್ರ. ನಡುವಿನ 100 ಮೀಟರ್‌ನಲ್ಲಿ ಚುಕ್ಕಿ ಎಷ್ಟು ಕುಣಿದರೂ ಸದ್ದಿಲ್ಲ. 100ರ ಮಿತಿಯಲ್ಲಿ ಒಂದು ಜಾಗಕ್ಕೆ ಎರಡು ಬೇಲಿ ಖರ್ಚು, ಅದು ನೆನಪಿರಲಿ.

ಕಿಲೋಮೀಟರ್ ಹಾರಿದ್ದನ್ನು ಈ ವೃತ್ತವೂ ತಡೆಯಲ್ಲ. ಅಲ್ಲಿ ಈವೆಂಟ್ ಜೊತೆ ಬರುವ ಸ್ಥಾನದ ನಿಖರತೆ ನೋಡಿ. ಆ್ಯಂಡ್ರಾಯ್ಡ್‌ನಲ್ಲಿ ನಿಖರತೆ 40 ಮೀಟರ್ ಅಂದರೆ ನಿಜವಾದ ಜಾಗ ಆ 40ರೊಳಗೆ ಇರುವ ಸಾಧ್ಯತೆ 68 ಶೇಕಡಾ, ಖಾತ್ರಿಯಲ್ಲ. ನಿಖರತೆ ಬೇಲಿಯ ತ್ರಿಜ್ಯದ ಎರಡರಷ್ಟನ್ನು ಮೀರಿದ್ದರೆ ನೋಟಿಫಿಕೇಶನ್ ತಡೆಹಿಡಿದು ಒಮ್ಮೆ ಹೊಸ ಸ್ಥಾನ ಕೇಳಿ.

#9 ಸೇಬಿನಬೀಜ

ಐಫೋನ್‌ನಲ್ಲಿ ಡ್ವೆಲ್ ಇಲ್ಲ, ಆದರೆ ಸುಲಭವಾಗಿ ಮಾಡಿಕೊಳ್ಳಬಹುದು. ಎಂಟರ್ ಬಂದಾಗ 300 ಸೆಕೆಂಡ್ ಆಚೆಗೆ ಲೋಕಲ್ ನೋಟಿಫಿಕೇಶನ್ ಶೆಡ್ಯೂಲ್ ಮಾಡಿ, ರೀಜನ್ ಐಡಿಯನ್ನೇ ಅದಕ್ಕೂ ಐಡಿ ಕೊಡಿ. ಅಷ್ಟರಲ್ಲಿ ಎಕ್ಸಿಟ್ ಬಂದರೆ ಅದೇ ಐಡಿ ಹಿಡಿದು ರದ್ದು ಮಾಡಿ. ಟೈಮರ್ ಬೇಡ, ಆ್ಯಪ್ ಎದ್ದಿರೋದೂ ಬೇಡ.

ಬರೀ ಪಠ್ಯ ತೋರಿಸೋದಷ್ಟೇ ಕೆಲಸ ಆದರೆ ಯುಎನ್‌ಲೊಕೇಶನ್‌ನೋಟಿಫಿಕೇಶನ್‌ಟ್ರಿಗರ್ ನೋಡಿ. ಸಿಸ್ಟಮ್ ತಾನೇ ತೋರಿಸುತ್ತೆ, "ವೆನ್ ಇನ್ ಯೂಸ್" ಪರ್ಮಿಶನ್ ಸಾಕು. ರಿಮೈಂಡರ್ ಆ್ಯಪ್‌ಗೆ ಎಷ್ಟೋ ಸಲ ಇದೇ ಸರಿ, ಜನ ಯಾಕೋ ಇದರ ಕಡೆ ತಿರುಗಿಯೂ ನೋಡಲ್ಲ. ಕೊರತೆ: ತೋರಿಸುವ ಮೊದಲು ನಿಮ್ಮ ಕೋಡ್ ಓಡಲ್ಲ, ಹಾಗಾಗಿ ನಿಖರತೆಯ ಜರಡಿ ಹಿಡಿಯೋಕೆ ಆಗಲ್ಲ.

#10 ಕೋಡುಕೊಟ್ಟಿಗೆ

ಬೇಲಿ ದಾಟಿದ್ದು ಗೊತ್ತಾಗಿ, ಕೊನೇ ಹೆಜ್ಜೆಯಲ್ಲಿ ಅಲರ್ಟ್ ಸಾಯೋದೂ ಬಹಳ. ರಿಸೀವರ್‌ಗೆ ಸುಮಾರು 10 ಸೆಕೆಂಡ್ ಸಮಯ. ಅಷ್ಟರಲ್ಲಿ ಸರ್ವರ್‌ಗೆ ಕರೆ ಮಾಡಿ, ಉತ್ತರ ಬಂದಮೇಲೆ ನೋಟಿಫಿಕೇಶನ್ ತೋರಿಸುವ ವಿನ್ಯಾಸ ಮಾಡಿದ್ದರೆ ಈಗಲೇ ಬದಲಿಸಿ. ಫೋನ್ ಡೋಜ್‌ನಲ್ಲಿದ್ದರೆ (ಬಳಸದೆ ಬಿಟ್ಟಾಗ ಹೋಗುವ ಬ್ಯಾಟರಿ ಉಳಿಸುವ ನಿದ್ದೆ) ನೆಟ್‌ವರ್ಕ್ ಸಿಗದೆ ಇರಬಹುದು. ತೋರಿಸಬೇಕಾದ ಪಠ್ಯ ಮೊದಲೇ ಫೋನಿನಲ್ಲಿರಲಿ. ರಿಸೀವರ್‌ನಲ್ಲೇ ತೋರಿಸಿ, ಸರ್ವರ್‌ಗೆ ತಿಳಿಸುವ ಕೆಲಸ ವರ್ಕ್‌ಮ್ಯಾನೇಜರ್‌ಗೆ ಬಿಡಿ, ಅದು ನಿಧಾನಕ್ಕೆ ಹೋಗಲಿ.

ಆ್ಯಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೇ ಬೇರೆ ಪರ್ಮಿಶನ್ ಬೇಕು. ಲೊಕೇಶನ್ ಪರ್ಮಿಶನ್ ಎಲ್ಲ ಪಡೆದು ಇದನ್ನು ಮರೆತರೆ ಲಾಗ್‌ನಲ್ಲಿ ಎಲ್ಲ ಹಸಿರು, ಪರದೆಯಲ್ಲಿ ಏನಿಲ್ಲ. ನೋಟಿಫಿಕೇಶನ್ ಚಾನೆಲ್‌ನ ಇಂಪಾರ್ಟೆನ್ಸ್ (ಎಷ್ಟು ಎದ್ದು ಕಾಣಬೇಕು ಅನ್ನೋ ಮಟ್ಟ) ಒಮ್ಮೆ "ಲೋ" ಅಂತ ಸೃಷ್ಟಿಸಿಬಿಟ್ಟರೆ ಆಮೇಲೆ ಕೋಡ್‌ನಿಂದ ಏರಿಸಲು ಬರಲ್ಲ, ಹೊಸ ಐಡಿಯ ಚಾನೆಲ್ ಮಾಡಬೇಕು.

ಲೊಕೇಶನ್ ಕೇಳುವ ಕ್ರಮ: ಮೊದಲು ಫೈನ್ ಲೊಕೇಶನ್, ಅದು ಸಿಕ್ಕಮೇಲೆ ಬೇರೆ ಪರದೆಯಲ್ಲಿ ಕಾರಣ ವಿವರಿಸಿ ಹಿನ್ನೆಲೆಯದು. ಆ್ಯಂಡ್ರಾಯ್ಡ್ 11ರಿಂದ ಎರಡನ್ನೂ ಒಟ್ಟಿಗೆ ಕೇಳಿದರೆ ಸಿಸ್ಟಮ್ ಆ ವಿನಂತಿಯನ್ನೇ ಕಡೆಗಣಿಸುತ್ತೆ, ಎರಡೂ ಸಿಗಲ್ಲ. 12ರಿಂದ ಬಳಕೆದಾರರು "ಅಂದಾಜು" ಆರಿಸಬಹುದು, ಹಾಗಾದರೆ ಬೇಲಿ ಸೇರಿಸುವಾಗಲೇ ಎರರ್ 1004. ಪ್ಲೇ ಸ್ಟೋರ್‌ಗೆ ಹಾಕುವಾಗ ಹಿನ್ನೆಲೆ ಲೊಕೇಶನ್ ಯಾಕೆ ಅಂತ ಡಿಕ್ಲರೇಶನ್ ಮತ್ತು ವಿಡಿಯೊ ಕೊಡಬೇಕು. ಇದನ್ನು ಬಿಡುಗಡೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

#11 ತಗಾದೆ

ಫೋರ್ಸ್ ಸ್ಟಾಪ್ ಮಾಡಿದವರಿಗೆ?

#12 ಕೋಡುಕೊಟ್ಟಿಗೆ

ಏನೂ ಮಾಡಕ್ಕಾಗಲ್ಲ. ಬಳಕೆದಾರರೇ ಆ್ಯಪ್ ತೆರೆಯುವವರೆಗೆ ಬ್ರಾಡ್‌ಕಾಸ್ಟ್ ತಲುಪಲ್ಲ. ಕೆಲವು ತಯಾರಕರ ಬ್ಯಾಟರಿ ಸೇವರ್‌ಗಳು ಆ್ಯಪನ್ನು ಹೆಚ್ಚುಕಡಿಮೆ ಇದೇ ಸ್ಥಿತಿಗೆ ತಳ್ಳುತ್ತವೆ. ಅಲ್ಲಿ ಬ್ಯಾಟರಿ ಮಿತಿಯಿಂದ ಆ್ಯಪನ್ನು ಹೊರಗಿಡಲು ಬಳಕೆದಾರರಿಗೆ ದಾರಿ ತೋರಿಸಬಹುದು, ಅಷ್ಟೇ.

#13 ಬೇಲಿಸಾಲು

ಹಾಗಾದರೆ ಮೊದಲು ಕೇಳಿದ 30 ಸೆಕೆಂಡ್ ಪೋಲಿಂಗ್, ಅಂದರೆ ಆಗಾಗ ಜಿಪಿಎಸ್ ಓದೋದು? ಎಂದೂ ಬೇಡವಾ?

#14 ನಕ್ಷೆತಜ್ಞ

ಎಂದೂ ಬೇಡ ಅಂತಲ್ಲ, ಎಲ್ಲ ಕಡೆ ಬೇಡ. ಗೇಟಿನ ಮುಂದೆ 30 ಮೀಟರ್‌ನಲ್ಲೇ ಅಲರ್ಟ್ ಬೇಕು ಅನ್ನುವಂಥ ಕೆಲಸಕ್ಕೆ ಎರಡು ಹಂತ ಮಾಡಿ. ಹೊರಗಡೆ 1 ಕಿ.ಮೀ.ನ ಸಿಸ್ಟಮ್ ಬೇಲಿ. ಅದು ತಾಗಿದಾಗ ಮಾತ್ರ ಫೋರ್‌ಗ್ರೌಂಡ್ ಸರ್ವೀಸ್ ಎಬ್ಬಿಸಿ 10 ಸೆಕೆಂಡಿಗೊಮ್ಮೆ ಸ್ಥಾನ ಓದಿ. 30 ಮೀಟರ್ ಮುಟ್ಟಿದ ಮೇಲೋ, ಹೊರ ಬೇಲಿಯಿಂದ ಆಚೆ ಹೋದ ಮೇಲೋ, 20 ನಿಮಿಷ ಕಳೆದ ಮೇಲೋ ಸರ್ವೀಸ್ ನಿಲ್ಲಲಿ. ಮೂರನೆಯ ಷರತ್ತು ಮರೆಯಬೇಡಿ, ಹೊರ ಬೇಲಿಯೊಳಗೇ ವಾಸ ಇರುವವರ ಬ್ಯಾಟರಿ ಸಂಜೆಯೊಳಗೆ ಸೊನ್ನೆ. ಆ್ಯಂಡ್ರಾಯ್ಡ್ 12ರಿಂದ ಹಿನ್ನೆಲೆಯಿಂದ ಫೋರ್‌ಗ್ರೌಂಡ್ ಸರ್ವೀಸ್ ಶುರು ಮಾಡಲು ನಿರ್ಬಂಧ ಇದ್ದರೂ ಜಿಯೋಫೆನ್ಸ್ ಈವೆಂಟ್‌ಗೆ ವಿನಾಯಿತಿ ಇದೆ.

ವರ್ಕ್‌ಮ್ಯಾನೇಜರ್‌ನ ಪೀರಿಯಾಡಿಕ್ ಕೆಲಸದಿಂದ ಪೋಲಿಂಗ್ ಮಾಡುವ ಯೋಚನೆ ಬಂದರೆ ಬಿಟ್ಟುಬಿಡಿ. ಕನಿಷ್ಠ ಅಂತರ 15 ನಿಮಿಷ, ಹಿನ್ನೆಲೆಯಲ್ಲಿ ಲೊಕೇಶನ್ ಸಿಗೋದು ಗಂಟೆಗೆ ಕೆಲವೇ ಸಲ.

#15 ಸಿಗ್ನಲ್‌ಗುಬ್ಬಿ

ಪರೀಕ್ಷೆಯ ಬಗ್ಗೆ. ಎಮ್ಯುಲೇಟರ್‌ನಲ್ಲಿ ಜಿಯೋ ಫಿಕ್ಸ್ ಕಮಾಂಡ್, ಎಕ್ಸ್‌ಕೋಡ್‌ನಲ್ಲಿ ಜಿಪಿಎಕ್ಸ್ ಫೈಲ್, ಇವೆರಡೂ ಕೋಡ್ ಹಾದಿ ಸರಿಯಿದೆಯಾ ಅಂತ ಮಾತ್ರ ಹೇಳುತ್ತವೆ. ನಿಜವಾದ ತಡ ತಿಳಿಯಬೇಕಾದರೆ ಫೋನ್ ಚಾರ್ಜರ್‌ನಿಂದ ತೆಗೆದು, ಪರದೆ ಆರಿಸಿ, ಜೇಬಲ್ಲಿಟ್ಟು ನಡೆಯಬೇಕು. ಚಾರ್ಜ್ ಆಗುತ್ತಿದ್ದರೆ ಡೋಜ್ ಬರಲ್ಲ. ಬೇರೆ ಮ್ಯಾಪ್ ಆ್ಯಪ್ ತೆರೆದಿಟ್ಟು ಪರೀಕ್ಷಿಸಿದರೂ ಫಲಿತಾಂಶ ಸುಳ್ಳು, ಅದು ಉರಿಸಿದ ಜಿಪಿಎಸ್‌ನ ಲಾಭ ನಿಮ್ಮ ಬೇಲಿಗೂ ಸಿಕ್ಕಿರುತ್ತೆ.

ಪ್ರತಿ ಈವೆಂಟ್‌ಗೂ ಒಂದು ಸಾಲು ಬರೆದಿಡಿ. ಉದಾಹರಣೆಗೆ, 150 ಮೀಟರ್ ಬೇಲಿಗೆ ಹೀಗೆ:

ಎಂಟರ್ | ಸ್ಥಾನದ ಸಮಯ 18:42:10 | ಆ್ಯಪ್‌ಗೆ ಬಂದದ್ದು 18:44:31 | ನಿಖರತೆ 38 ಮೀ. | ಕೇಂದ್ರಕ್ಕೆ 96 ಮೀ. | ತೋರಿಸಿದ್ದು 18:44:31

ಎಕ್ಸಿಟ್ | ಸ್ಥಾನದ ಸಮಯ 02:13:05 | ಆ್ಯಪ್‌ಗೆ ಬಂದದ್ದು 02:13:07 | ನಿಖರತೆ 1,400 ಮೀ. | ಕೇಂದ್ರಕ್ಕೆ 1,120 ಮೀ. | ತಡೆಹಿಡಿದದ್ದು

ಮೊದಲ ಸಾಲಲ್ಲಿ ಸ್ಥಾನ ಸರಿ, ತಲುಪಿಸುವುದರಲ್ಲಿ 2 ನಿಮಿಷ 21 ಸೆಕೆಂಡ್ ಹೋಯಿತು. ಹುಡುಕಬೇಕಾದ್ದು ನೋಟಿಫಿಕೇಶನ್ ರೆಸ್ಪಾನ್ಸಿವ್‌ನೆಸ್ (ಎಷ್ಟು ತಡ ಒಪ್ಪಬಹುದು ಅಂತ ಬೇಲಿಗೆ ಕೊಡುವ ಸೆಟ್ಟಿಂಗ್) ಮತ್ತು ಬ್ಯಾಟರಿ ಸೇವರ್ ಕಡೆ. ಎರಡನೆಯದರಲ್ಲಿ ತಲುಪಿಸಿದ್ದು ಚುರುಕು, ಸ್ಥಾನವೇ ನಂಬುವ ಹಾಗಿಲ್ಲ. 1,120 ಮೀಟರ್ ದೂರ ಅಂದರೂ 1,400 ಮೀಟರ್ ಅನುಮಾನವಿರುವಾಗ ಫೋನ್ ಮೇಜಿನ ಮೇಲೇ ಇರಬಹುದು. ಈ ಎರಡು ಬಗೆಯ ತೊಂದರೆಯನ್ನು "ಅಲರ್ಟ್ ಸರಿಯಿಲ್ಲ" ಅಂತ ಒಂದೇ ಬುಟ್ಟಿಗೆ ಹಾಕಿದರೆ ತಿಂಗಳುಗಟ್ಟಲೆ ತ್ರಿಜ್ಯ ತಿರುವುತ್ತಾ ಕೂರಬೇಕಾಗುತ್ತೆ.

#16 ಬೇಲಿಸಾಲು

ಲಾಗ್ ಹಾಕಿದೆ. ರಾತ್ರಿಯ ಎಕ್ಸಿಟ್‌ಗಳಲ್ಲಿ ನಿಖರತೆ ಎಲ್ಲ ಸಾವಿರದ ಮೇಲೇ. ಅವನ್ನು ತಡೆಹಿಡಿದಿದ್ದೇನೆ. ಆದರೆ ಎರಡು ಜಾಗಕ್ಕೆ ಎರಡೂ ಫೋನ್‌ನಲ್ಲಿ ಈಗಲೂ ಒಂದೇ ಒಂದು ಈವೆಂಟ್ ಇಲ್ಲ. ಸರ್ವರ್‌ನಿಂದ ಜಿಯೋಜೇಸನ್ (ಜಾಗದ ಮಾಹಿತಿ ಬರೆಯುವ ಪಠ್ಯ ರೂಪ) ಆಗಿ ಬರುವ ಜಾಗಗಳು ಅವು, ಉಳಿದವು ಬಳಕೆದಾರರು ಮ್ಯಾಪ್ ಮೇಲೆ ಒತ್ತಿ ಸೇರಿಸಿದವು.

#17 ನಕ್ಷೆತಜ್ಞ

ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಆ್ಯಂಡ್ರಾಯ್ಡ್‌ನ ಸೆಟ್‌ಸರ್ಕ್ಯುಲರ್‌ರೀಜನ್‌ಗೂ ಕೋರ್ ಲೊಕೇಶನ್‌ಗೂ ಅಕ್ಷಾಂಶ ಮೊದಲು. ಅದಲುಬದಲಾದ ಸಂಖ್ಯೆ 90 ದಾಟಿದ್ದರೆ ಎರರ್ ಬಂದು ಸಿಕ್ಕಿಬೀಳುತ್ತಿತ್ತು. ಎರಡೂ 90ರ ಒಳಗಿದ್ದರೆ ಬೇಲಿ ಚೊಕ್ಕವಾಗಿ ರಿಜಿಸ್ಟರ್ ಆಗುತ್ತೆ, ಭೂಮಿಯ ಇನ್ನೊಂದು ಮೂಲೆಯಲ್ಲಿ. ಹಾಗೇ ಸರ್ವರ್ ಎಷ್ಟು ದಶಮಾಂಶ ಕಳಿಸುತ್ತಿದೆ ನೋಡಿ: ಅಕ್ಷಾಂಶದ ಮೂರನೇ ದಶಮಾಂಶವೊಂದು ಸುಮಾರು 111 ಮೀಟರ್, ಐದನೆಯದು 1.1 ಮೀಟರ್. ಮೂರಕ್ಕೇ ಕತ್ತರಿಸಿದ್ದರೆ 150 ಮೀಟರ್ ಬೇಲಿಯ ಕೇಂದ್ರವೇ ಪಕ್ಕದ ಬೀದಿಗೆ ಹೋಗಿರುತ್ತೆ.

#18 ಬೇಲಿಸಾಲು

ಅದಲುಬದಲಾಗಿತ್ತು. ದಶಮಾಂಶ ಆರು ಇವೆ.